ಹಿಂದಕ್ಕೆ ತಿರುಗದ ಮೀಟರು

ಪುಟ್ಟಿ, ಮೊನ್ನೆ ಭಾನುವಾರ ಸಂಜೆ ತಾರಸಿಯ ಮೇಲೆ ನೀರಿನ ಟ್ಯಾಂಕನ್ನೇ ಸಭಿಕರು ಅಂದುಕೊಂಡು ನೀನು ಕಾಲೇಜಿನ ಭಾಷಣ ಒಪ್ಪಿಸುತ್ತಿದ್ದೆಯಲ್ಲ, ನಾನು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಅಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡೆ. ‘ಜಾಗತಿಕ ತಾಪಮಾನ ಏರಿಕೆ ಮನುಕುಲದ ಮುಂದಿರುವ ಬಹುದೊಡ್ಡ ಸವಾಲು’ ಅಂತ ಶುರುವಾಯಿತು. ‘ಓಝೋನ್ ಪದರದಲ್ಲಿ ತೂತು ಬಿದ್ದು ಬಿಸಿಲು ಒಳಗೆ ನುಗ್ಗುತ್ತಿದೆ’ ಅಂತ ಮುಂದುವರಿಯಿತು. ‘ಮನೆಗೊಂದು ಮರ, ಊರಿಗೊಂದು ವನ’ ಅಂತ ಮುಗಿಯಿತು. ಮೂರು ನಿಮಿಷ. ಚಪ್ಪಾಳೆ ಬೀಳುತ್ತೆ, ಅದರಲ್ಲಿ ಅನುಮಾನ ಬೇಡ. ಆದರೆ ಅದರಲ್ಲಿ ಒಂದು ತಪ್ಪಿದೆ, ಒಂದು ಅರ್ಧಸತ್ಯ ಇದೆ, ಹೇಳಲೇಬೇಕಾದ ಮಾತು ಬಿಟ್ಟೇ ಹೋಗಿದೆ. ಅವತ್ತು ಬಾಯಿ ಹಾಕೋಣ ಅಂದುಕೊಂಡೆ, ನಿಮ್ಮಮ್ಮ ಕಣ್ಣಲ್ಲೇ ಗದರಿಸಿದಳು. ಅದಕ್ಕೇ ಬರೆದು ಕೊಡುತ್ತಿದ್ದೇನೆ. ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಕೆಂಗೇರಿ ಬರುವಷ್ಟರಲ್ಲಿ ಓದಿ ಮುಗಿಸಬಹುದು.

ನಾನು ವಿಜ್ಞಾನಿ ಅಲ್ಲ. ವಿದ್ಯುತ್ ಮಂಡಳಿಯಲ್ಲಿ, ಅಂದರೆ ಕೆ.ಇ.ಬಿ.ಯಲ್ಲಿ, ಮೀಟರ್ ಓದುತ್ತಿದ್ದವನು. 1976ರಲ್ಲಿ ಕೆಲಸಕ್ಕೆ ಸೇರಿದೆ, 2012ರಲ್ಲಿ ರಿಟೈರಾದೆ. ನಡುವೆ 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಬಂತು, 2002ರಲ್ಲಿ ಬೆಸ್ಕಾಂ ಬಂತು, ಬೋರ್ಡು ಬದಲಾಯಿತು, ಜನಕ್ಕೆ ಮಾತ್ರ ನಾವು ಕೊನೆವರೆಗೂ ‘ಕೆ.ಇ.ಬಿ.ಯವ್ರು’. ರಾಜಾಜಿನಗರದ ಬ್ಲಾಕುಗಳು, ಪ್ರಕಾಶನಗರ, ಮಂಜುನಾಥನಗರ, ಬಸವೇಶ್ವರನಗರ, ಇಷ್ಟೂ ಕಡೆ ಯಾವ ಮನೆಯ ನಾಯಿ ಕಚ್ಚುತ್ತೆ, ಯಾವ ಮನೆಯಲ್ಲಿ ನೀರು ಕೇಳಿದರೆ ಮಜ್ಜಿಗೆ ಕೊಡುತ್ತಾರೆ ಅಂತ ಗೊತ್ತಿತ್ತು. ಮನೆಯವರ ಮುಖಕ್ಕಿಂತ ಅವರ ಮೀಟರಿನ ಅಂಕಿ ಚೆನ್ನಾಗಿ ನೆನಪಿರುತ್ತಿತ್ತು.

ಆ ಹಳೆಯ ಮೀಟರನ್ನು ನೀನು ನೋಡಿಲ್ಲ. ಗಾಜಿನ ಹಿಂದೆ ತೆಳ್ಳಗೆ ಒಂದು ಅಲ್ಯೂಮಿನಿಯಂ ಚಕ್ರ, ಅದರ ಅಂಚಿನಲ್ಲಿ ಒಂದು ಗುರುತು. ಮನೆಯಲ್ಲಿ ಒಂದು ಬಲ್ಬು ಉರಿಯುತ್ತಿದ್ದರೆ ಆ ಗುರುತು ಒಂದು ಸುತ್ತು ಬರಲು ಸೋಮಾರಿಯ ಹಾಗೆ ಹೊತ್ತು ತೆಗೆದುಕೊಳ್ಳುತ್ತಿತ್ತು. ಇಸ್ತ್ರಿಪೆಟ್ಟಿಗೆ ಹಾಕಿದರೆ ಬುಗುರಿ. ರಾಜಾಜಿನಗರದ ಎಷ್ಟೋ ಮನೆಗಳಲ್ಲಿ ಸೂರಿಗೆ ಫ್ಯಾನಿನ ಕೊಕ್ಕೆ ಇತ್ತು, ಫ್ಯಾನು ಇರಲಿಲ್ಲ. ನಿಮ್ಮಪ್ಪ ಹುಟ್ಟಿದಾಗ ನಮ್ಮ ಮನೆಯ ಆ ಕೊಕ್ಕೆಗೆ ತೊಟ್ಟಿಲು ಕಟ್ಟಿದ್ದೆವು. ತಿಂಗಳಿಗೆ ಮೂವತ್ತು, ನಲವತ್ತು ಯೂನಿಟ್ ದಾಟಿದರೆ ಮನೆಯೊಡೆಯ ಮೀಟರ್ ಕೆಟ್ಟಿದೆ ಅಂತ ಜಗಳಕ್ಕೆ ಬರುತ್ತಿದ್ದ. ಈಗ ಎ.ಸಿ. ಇರುವ ಮನೆಯಲ್ಲಿ ಅಷ್ಟು ನಾಲ್ಕೇ ರಾತ್ರಿಗೆ ಓಡುತ್ತೆ. ಇದನ್ನು ಬೈಯಲು ಹೇಳುತ್ತಿಲ್ಲ. ಭೂಮಿ ಯಾಕೆ ಬಿಸಿಯಾಗುತ್ತಿದೆ ಅನ್ನುವುದು ನನಗೆ ಅರ್ಥವಾಗಿದ್ದು ಈ ಮೀಟರಿನ ಮೂಲಕ, ಅದಕ್ಕೇ.

ಮೊದಲು ಆ ಓಝೋನ್ ತೂತನ್ನು ಮುಚ್ಚಿಬಿಡೋಣ. ಅದು ಬೇರೆಯೇ ಕಾಯಿಲೆ. ಓಝೋನ್ ತೆಳುವಾದರೆ ನೇರಳಾತೀತ ಕಿರಣ ಹೆಚ್ಚು ಬೀಳುತ್ತೆ, ಚರ್ಮದ ಕ್ಯಾನ್ಸರ್ ಬರುತ್ತೆ, ಕಣ್ಣು ಕೆಡುತ್ತೆ. ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿದ್ದ ಕ್ಲೋರೋಫ್ಲೋರೋಕಾರ್ಬನ್ ಅನ್ನುವ ಅನಿಲ ಅದಕ್ಕೆ ಕಾರಣ ಅಂತ ಗೊತ್ತಾದ ಮೇಲೆ 1987ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಕೂತು ಒಪ್ಪಂದ ಮಾಡಿಕೊಂಡವು, ಆ ಅನಿಲ ಬಹುಮಟ್ಟಿಗೆ ನಿಂತಿತು, ಪದರ ನಿಧಾನಕ್ಕೆ ಕೂಡಿಕೊಳ್ಳುತ್ತಿದೆ. ಭೂಮಿ ಬಿಸಿಯಾಗುತ್ತಿರುವುದು ಬಿಸಿಲು ಹೆಚ್ಚು ಒಳಗೆ ಬಂದದ್ದರಿಂದ ಅಲ್ಲ. ಬಂದ ಬಿಸಿ ಹೊರಗೆ ಹೋಗಲು ತಡವರಿಸುತ್ತಿರುವುದರಿಂದ.

ಇದಕ್ಕೆ ಪುಸ್ತಕ ಬೇಡ. ಡಿಸೆಂಬರಿನಲ್ಲಿ ಆಕಾಶ ಶುಭ್ರವಾಗಿದ್ದ ರಾತ್ರಿ ನಿಮ್ಮಜ್ಜಿ ‘ಇವತ್ತು ಚಳಿ ಕೊರೆಯುತ್ತೆ, ಇನ್ನೊಂದು ರಗ್ಗು ತೆಗಿ’ ಅನ್ನುತ್ತಾಳೆ. ಮೋಡ ಕವಿದ ರಾತ್ರಿಯಾದರೆ ‘ಸೆಕೆ, ಮಳೆ ಬರಬಹುದು’ ಅನ್ನುತ್ತಾಳೆ. ಹಗಲು ಕಾದ ನೆಲ ರಾತ್ರಿ ಆ ಶಾಖವನ್ನು ಮೇಲಕ್ಕೆ ಬಿಡುತ್ತೆ. ಆಕಾಶ ಖಾಲಿ ಇದ್ದರೆ ಅದು ಹೊರಟುಹೋಗುತ್ತೆ, ಮೋಡ ಇದ್ದರೆ ಹಿಡಿದುಕೊಂಡು ಒಂದಿಷ್ಟನ್ನು ನೆಲಕ್ಕೇ ಮರಳಿಸುತ್ತೆ. ಗಾಳಿಯಲ್ಲಿ ಕಣ್ಣಿಗೆ ಕಾಣದ ಕೆಲವು ಅನಿಲಗಳೂ ಮೋಡದ ಈ ಕೆಲಸವನ್ನೇ ಮಾಡುತ್ತವೆ, ಹಗಲೂ ರಾತ್ರಿಯೂ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್. ಸೂರ್ಯನ ಬೆಳಕನ್ನು ಒಳಗೆ ಬಿಡುತ್ತವೆ, ನೆಲ ಬಿಡುವ ಶಾಖವನ್ನು ತಡೆಯುತ್ತವೆ. ಇವನ್ನೇ ಹಸಿರುಮನೆ ಅನಿಲ ಅನ್ನುವುದು. ಇವು ದುಷ್ಟ ಅನಿಲಗಳಲ್ಲ, ಭಾಷಣದಲ್ಲಿ ಹಾಗೆ ಬೈಯಬೇಡ. ಇವು ಇಲ್ಲದೇ ಹೋಗಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಇವು ಇರುವುದರಿಂದ 15 ಡಿಗ್ರಿಯ ಆಸುಪಾಸಿನಲ್ಲಿದೆ. ಸಾರಿಗೆ ಉಪ್ಪಿದ್ದ ಹಾಗೆ, ಹದ ತಪ್ಪಿದ್ದೇ ತೊಂದರೆ.

ಹದ ಎಷ್ಟಿತ್ತು? ಅಂಟಾರ್ಕ್ಟಿಕಾದ ಹಿಮದಲ್ಲಿ ಹಳೆಯ ಗಾಳಿ ಗುಳ್ಳೆಗಳಾಗಿ ಸಿಕ್ಕಿಕೊಂಡಿದೆ. ಅದನ್ನು ಕೊರೆದು ತೆಗೆದು ಅಳೆದಿದ್ದಾರೆ. ಕಳೆದ ಎಂಟು ಲಕ್ಷ ವರ್ಷದಲ್ಲಿ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ 300ರ ಗಡಿಯ ಒಳಗೇ ಇತ್ತು. ಕಾರ್ಖಾನೆಗಳು ಶುರುವಾಗುವ ಮುಂಚೆ ಸುಮಾರು 280. ಚಾರ್ಲ್ಸ್ ಕೀಲಿಂಗ್ ಎಂಬಾತ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಕೂತಾಗ 315. ಈಗ 420 ದಾಟಿದೆ. ಹತ್ತು ಲಕ್ಷದಲ್ಲಿ ನಾನೂರು ಏನು ಮಹಾ ಅಂತ ನಿನ್ನ ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ಪಾತ್ರೆ ಹಾಲಿಗೆ ಎಷ್ಟು ಹೆಪ್ಪು ಹಾಕುತ್ತಾರೆ ಅಂತ ಅವರ ಅಮ್ಮನನ್ನು ಕೇಳಲು ಹೇಳು.

ಈ ಅನಿಲ ಎಲ್ಲಿಂದ ಬಂತು ಅನ್ನುವುದು ನನಗೆ ನಿಜವಾಗಿ ತಟ್ಟಿದ್ದು ರಾಯಚೂರಿನಲ್ಲಿ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ರಾಜ್ಯದ ಕರೆಂಟು ಅಂದರೆ ನೀರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಅಲ್ಲಿಂದಲೇ ಬೆಂಗಳೂರಿಗೆ ದೀಪ. ಆಮೇಲೆ ಜೋಗ, ಲಿಂಗನಮಕ್ಕಿ. ಮಳೆ ಕೈಕೊಟ್ಟ ವರ್ಷ ಲೋಡ್ ಶೆಡ್ಡಿಂಗ್, ಜನರ ಬೈಗುಳ ತಿನ್ನಲು ನಾವು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ ಶುರುವಾದಾಗ ಹಬ್ಬ ಮಾಡಿದವರಲ್ಲಿ ನಾನೂ ಒಬ್ಬ. ಮಳೆಯ ಹಂಗಿಲ್ಲದ ಕರೆಂಟು! ಕೆಲವು ವರ್ಷದ ನಂತರ ನೆಂಟರೊಬ್ಬರ ಮದುವೆಗೆ ಆ ಕಡೆ ಹೋದವನು ಶಕ್ತಿನಗರದಲ್ಲಿದ್ದ ಸ್ನೇಹಿತನೊಬ್ಬನ ಮನೆಗೆ ಹೋದೆ. ಗೂಡ್ಸ್ ರೈಲು ನಿಂತಿತ್ತು. ಎಣಿಸಲು ಶುರುಮಾಡಿ ಮೂವತ್ತು ಡಬ್ಬಿ ಆದಮೇಲೆ ಬಿಟ್ಟೆ. ಎಲ್ಲದರಲ್ಲೂ ಕಲ್ಲಿದ್ದಲು. ‘ಒಂದು ಘಟಕಕ್ಕೆ ದಿನಕ್ಕೆ ಹೆಚ್ಚುಕಮ್ಮಿ ಇಂಥ ಒಂದು ಗಾಡಿ ಬೇಕು’ ಅಂದ ಸ್ನೇಹಿತ. ನಾನು ನಂಬಲಿಲ್ಲ. ಚೀಟಿಯ ಹಿಂದೆ ಲೆಕ್ಕ ಹಾಕಿದೆವು. 210 ಮೆಗಾವ್ಯಾಟ್ ಘಟಕ ಇಪ್ಪತ್ತನಾಲ್ಕು ಗಂಟೆ ಓಡಿದರೆ ಐವತ್ತು ಲಕ್ಷ ಯೂನಿಟ್. ನಮ್ಮ ದೇಶದ ಬೂದಿ ಹೆಚ್ಚಿರುವ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್‌ಗೆ ಸುಮಾರು 650, 700 ಗ್ರಾಂ ಬೇಕು. ಮೂರು ಸಾವಿರ ಟನ್‌ಗೂ ಮೇಲೆ ಬಂತು. ಅವನೇ ಸರಿ.

ಅವತ್ತು ಅವನ ಮನೆಯ ಮೇಜಿನ ಮೇಲೆ, ಕಿಟಕಿಯ ಸರಳಿನ ಮೇಲೆ, ಅವನ ಹೆಂಡತಿ ಒಣಗಿಸಿದ ಸೀರೆಯ ಮೇಲೆ ಬೂದಿ ನೋಡಿದೆ. ಬೆಂಗಳೂರಿನಲ್ಲಿ ಸ್ವಿಚ್ ಹಾಕಿದರೆ ಹೊಗೆ ಬರಲ್ಲ ಪುಟ್ಟಿ. ಹತ್ತು ವರ್ಷಕ್ಕೂ ಹೆಚ್ಚು ಮೀಟರ್ ಓದಿದವನಿಗೆ ಕರೆಂಟಿಗೆ ಹೊಗೆ ಇದೆ ಅಂತ ಹೊಳೆದಿರಲಿಲ್ಲ. ಉರಿಯುವುದು ರಾಯಚೂರಿನಲ್ಲಿ, ತಂಪಾಗುವುದು ರಾಜಾಜಿನಗರದಲ್ಲಿ.

ಬೂದಿ ಕಣ್ಣಿಗೆ ಕಾಣುತ್ತೆ. ಕಾಣದೇ ಇರುವುದು ಅದಕ್ಕಿಂತ ಭಾರ. ಇಂಗಾಲ ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತೆ. ಹನ್ನೆರಡು ಗ್ರಾಂ ಇಂಗಾಲಕ್ಕೆ ಮೂವತ್ತೆರಡು ಗ್ರಾಂ ಆಮ್ಲಜನಕ ಸೇರಿ ನಲವತ್ತನಾಲ್ಕು ಗ್ರಾಂ ಅನಿಲ. ಆದ್ದರಿಂದಲೇ ನಿಮ್ಮಪ್ಪ ಸ್ಕೂಟರಿಗೆ ಹಾಕಿಸುವ ಒಂದು ಲೀಟರ್ ಪೆಟ್ರೋಲ್, ತೂಗಿದರೆ ಮುಕ್ಕಾಲು ಕೆ.ಜಿ., ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಡುಗೆಮನೆಯ 14.2 ಕೆ.ಜಿ. ಸಿಲಿಂಡರ್ ಮುಗಿಯುವಷ್ಟರಲ್ಲಿ ನಲವತ್ತು ಕೆ.ಜಿ.ಗೂ ಹೆಚ್ಚು. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಸುಮಾರು ಒಂದು ಕೆ.ಜಿ. ಜಲ, ಗಾಳಿ, ಸೌರ, ಅಣು ಎಲ್ಲ ಬೆರೆಸಿದ ದೇಶದ ಸರಾಸರಿ ಹಿಡಿದರೆ 700 ಗ್ರಾಂ ಆಸುಪಾಸು. ನಮ್ಮ ರಾಜ್ಯದಲ್ಲಿ ಪಾವಗಡದ ಸೋಲಾರ್ ಪಾರ್ಕ್ ಇದೆಯಲ್ಲ ತಾತಾ ಅಂತ ನೀನು ಕೇಳುತ್ತೀಯ. ಇದೆ, ಹದಿಮೂರು ಸಾವಿರ ಎಕರೆ, 2050 ಮೆಗಾವ್ಯಾಟ್. ಆದರೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ಚಾಲೂ ಆದಮೇಲೆ ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿಹೋಯಿತು. ಈಗ ಎಲ್ಲ ನೀರೂ ಒಂದೇ ಕೆರೆಯದು. ನಮ್ಮ ಮನೆಗೆ ಬಂದ ಯೂನಿಟ್ ಪಾವಗಡದ್ದು, ಪಕ್ಕದ ಮನೆಯದು ಕಲ್ಲಿದ್ದಲಿನದು ಅಂತ ವಿಂಗಡಿಸಲು ಬರಲ್ಲ.

ಇದು ಮನುಷ್ಯನದೇ ಕೆಲಸ ಅನ್ನುವುದಕ್ಕೆ ಸಾಕ್ಷಿ ಏನು, ಸೂರ್ಯನೇ ಉರಿ ಹೆಚ್ಚಿಸಿಕೊಂಡಿರಬಾರದೇಕೆ ಅಂತ ಕೇಳುವವರಿದ್ದಾರೆ. ಕೇಳಲಿ, ಒಳ್ಳೆಯ ಪ್ರಶ್ನೆ. ಕರೆಂಟ್ ಕಳ್ಳತನ ಹಿಡಿಯಲು ನಾವು ಸುಮ್ಮನೆ ಯಾರ ಮೇಲೂ ಆರೋಪ ಹೊರಿಸುತ್ತಿರಲಿಲ್ಲ, ವೈರಿನ ಜಾಡು ಹಿಡಿದು ಹೋಗುತ್ತಿದ್ದೆವು. ಇಲ್ಲೂ ಜಾಡು ಇದೆ. ಜೀವಂತ ಗಿಡಮರಗಳ ಇಂಗಾಲದಲ್ಲಿ ಇಂಗಾಲ-14 ಅನ್ನುವ ವಿಕಿರಣಶೀಲ ಪಾಲು ಚೂರು ಇರುತ್ತೆ. ಕೋಟ್ಯಂತರ ವರ್ಷ ನೆಲದಡಿ ಕೂತ ಕಲ್ಲಿದ್ದಲು, ಪೆಟ್ರೋಲಿನಲ್ಲಿ ಅದು ಪೂರ್ತಿ ಕರಗಿಹೋಗಿರುತ್ತೆ. ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲ ಈ ಹಳೆಯ ಜಾತಿಯದು ಅಂತ ಅಳತೆ ಹೇಳುತ್ತೆ. ಎರಡನೆಯದು, ಸೂರ್ಯನೇ ಕಾರಣವಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೂ ಕಾಯಬೇಕಿತ್ತು. ಆಗಿರುವುದು ಬೇರೆ. ಕೆಳಗಿನ ಪದರ ಕಾದಿದೆ, ಮೇಲಿನ ಸ್ತರಗೋಲ ತಣ್ಣಗಾಗಿದೆ. ಕೆಳಗೆ ಯಾರೋ ಶಾಖ ಹಿಡಿದಿಟ್ಟುಕೊಂಡಾಗ ಹೀಗಾಗುತ್ತೆ. ಇದು ಹೊಸ ಸಂಶಯವೂ ಅಲ್ಲ. 1856ರಲ್ಲಿ ಯೂನಿಸ್ ಫೂಟ್ ಎಂಬ ಅಮೆರಿಕದ ಹೆಂಗಸು ಗಾಜಿನ ಕೊಳವೆಯಲ್ಲಿ ಈ ಅನಿಲ ತುಂಬಿ ಬಿಸಿಲಿಗಿಟ್ಟು, ಬರೀ ಗಾಳಿಗಿಂತ ಹೆಚ್ಚು ಕಾಯುವುದನ್ನು ತೋರಿಸಿದ್ದಳು. 1896ರಲ್ಲಿ ಸ್ವೀಡನ್ನಿನ ಅರ್ಹೀನಿಯಸ್ ಕೈಯಲ್ಲೇ ಗುಣಿಸಿ ಭಾಗಿಸಿ, ಗಾಳಿಯಲ್ಲಿ ಈ ಅನಿಲ ಹೆಚ್ಚಿದರೆ ಭೂಮಿ ಕಾಯುತ್ತೆ ಅಂದಿದ್ದ. ಬೆಂಗಳೂರಿಗೆ ಕರೆಂಟು ಬರುವುದಕ್ಕೆ ಒಂಬತ್ತು ವರ್ಷ ಮೊದಲು!

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು.

ಮೀಟರ್ ಓದುವವನು ತಿಂಗಳಿಗೊಮ್ಮೆ ಎರಡು ಅಂಕಿ ಬರೆಯುತ್ತಾನೆ. ಹಿಂದಿನ ರೀಡಿಂಗ್, ಇವತ್ತಿನ ರೀಡಿಂಗ್. ಕಳೆದರೆ ಬಂದದ್ದು ಬಿಲ್ಲು. ಈ ತಿಂಗಳು ಕಡಿಮೆ ಉರಿಸಿದರೆ ಬಿಲ್ಲು ಕಡಿಮೆ, ಮನಸ್ಸಿಗೆ ಸಮಾಧಾನ. ಆದರೆ ಡಯಲಿನ ಮೇಲಿನ ಒಟ್ಟು ಅಂಕಿ? ಅದು ಒಂದೇ ಒಂದು ಬಲ್ಬು ಉರಿದರೂ ಮೇಲಕ್ಕೇ ಹೋಗುತ್ತೆ. ಆಕಾಶದ ಲೆಕ್ಕ ನಮ್ಮ ಬಿಲ್ಲಿನ ಹಾಗೆ ಇಲ್ಲ. ಭೂಮಿ ಎಷ್ಟು ಕಾಯುತ್ತೆ ಅನ್ನುವುದು ಈ ವರ್ಷ ಎಷ್ಟು ಸುಟ್ಟೆವು ಅನ್ನುವುದಕ್ಕಿಂತ, ಮೊದಲಿನಿಂದ ಒಟ್ಟು ಎಷ್ಟು ಸುಟ್ಟೆವು ಅನ್ನುವುದರ ಮೇಲೆ ನಿಂತಿದೆ. ನಾವು ಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಅರ್ಧವನ್ನು ಸಮುದ್ರವೂ ಕಾಡೂ ಹೀರಿಕೊಳ್ಳುತ್ತವೆ, ಉಳಿದರ್ಧ ಮೇಲೆಯೇ ನಿಲ್ಲುತ್ತೆ, ಅದರಲ್ಲಿ ಒಂದು ಪಾಲು ನೂರಾರು ವರ್ಷ ಕದಲುವುದಿಲ್ಲ. 1850ರಿಂದ 2019ರವರೆಗೆ ಕಾಡು ಕಡಿದದ್ದೂ ಸೇರಿ ಒಟ್ಟು ಸುಮಾರು 2,40,000 ಕೋಟಿ ಟನ್. ಇನ್ನೊಂದು ಲಕ್ಷ ಕೋಟಿ ಟನ್ ಸೇರಿದರೆ ಸುಮಾರು 0.45 ಡಿಗ್ರಿ ಏರುತ್ತೆ ಅಂತ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐ.ಪಿ.ಸಿ.ಸಿ.ಯ 2021ರ ವರದಿ ಲೆಕ್ಕ ಕೊಟ್ಟಿದೆ. 2024 ದಾಖಲೆಯಲ್ಲೇ ಅತಿ ಬಿಸಿಯ ವರ್ಷ, 1850–1900ರ ಸರಾಸರಿಗಿಂತ ಸುಮಾರು 1.55 ಡಿಗ್ರಿ ಹೆಚ್ಚು. ‘ಹೊಗೆ ಕಡಿಮೆ ಮಾಡುತ್ತಿದ್ದೇವೆ’ ಅಂತ ಯಾವ ದೇಶ, ಯಾವ ಕಂಪನಿ ಹೇಳಿದರೂ ನಿನ್ನ ಕಿವಿ ಕೇಳಬೇಕಾದದ್ದು ಇಷ್ಟು: ಚಕ್ರ ನಿಧಾನವಾಗಿದೆ, ನಿಂತಿಲ್ಲ.

ಆ ಡಯಲನ್ನು ತಿರುಗಿಸಿದವರು ಯಾರು ಅನ್ನುವುದೂ ಗೊತ್ತಿರಬೇಕು. ಇದುವರೆಗೆ ಸುಟ್ಟ ಇಂಧನದ ಲೆಕ್ಕದಲ್ಲಿ ಅಮೆರಿಕ ಒಂದರದ್ದೇ ನಾಲ್ಕರಲ್ಲಿ ಒಂದು ಪಾಲಿನ ಹತ್ತಿರ. ಇಷ್ಟು ಜನಸಂಖ್ಯೆಯ ಭಾರತದ್ದು ನೂರಕ್ಕೆ ಮೂರು, ನಾಲ್ಕು. ಇವತ್ತಿಗೂ ತಲೆಗೆ ಲೆಕ್ಕ ಹಾಕಿದರೆ ನಮ್ಮದು ವರ್ಷಕ್ಕೆ ಎರಡು ಟನ್ ಚಿಲ್ಲರೆ, ಅವರದು ಹದಿನಾಲ್ಕರ ಸುತ್ತಮುತ್ತ. ಆದ್ದರಿಂದ ಬೆರಳು ತೋರಿಸುವ ಹಕ್ಕು ನಮಗಿದೆ, ನಾನು ಬಿಟ್ಟುಕೊಡುವುದಿಲ್ಲ. ಆದರೆ ವರ್ಷದ ಬಿಲ್ಲಿನಲ್ಲಿ ಚೀನಾ, ಅಮೆರಿಕದ ನಂತರ ಮೂರನೆಯವರು ನಾವೇ. ಇನ್ನೊಂದು ಮುಜುಗರದ ಮಾತು. ಆ ಎರಡು ಟನ್ ಅನ್ನುವುದು ಸರಾಸರಿ. ಶಕ್ತಿನಗರದ ಆಚೆಯ ಹಳ್ಳಿಯ ಕೂಲಿಯವಳದ್ದು ಅದಕ್ಕಿಂತ ಎಷ್ಟೋ ಕಡಿಮೆ, ಎರಡು ಕಾರು, ಮೂರು ಎ.ಸಿ., ವರ್ಷಕ್ಕೊಂದು ಸಿಂಗಪುರ ಟ್ರಿಪ್ ಇರುವ ನಮ್ಮ ಬಡಾವಣೆಯವರದ್ದು ಎಷ್ಟೋ ಹೆಚ್ಚು. ದೇಶದ ಬಡವರ ನೆರಳಿನಲ್ಲಿ ಬಚ್ಚಿಟ್ಟುಕೊಂಡು ಅಮೆರಿಕಕ್ಕೆ ಬೈಯುವುದು ನನಗೆ ಸರಿ ಕಾಣುವುದಿಲ್ಲ.

ನಿನ್ನ ಭಾಷಣದ ಅರ್ಧಸತ್ಯಕ್ಕೆ ಬರುತ್ತೇನೆ. ‘ಬೆಂಗಳೂರಿನ ಸೆಕೆಯೇ ಜಾಗತಿಕ ತಾಪಮಾನಕ್ಕೆ ಸಾಕ್ಷಿ’ ಅಂದೆ. ಬೆಂಗಳೂರಿನ ಸೆಕೆಯಲ್ಲಿ ಎರಡು ಪಾಲಿದೆ, ಒಂದು ಲೋಕದ್ದು, ಇನ್ನೊಂದು ನಾವೇ ಇಲ್ಲೇ ಬೇಯಿಸಿಕೊಂಡದ್ದು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತಲ್ಲ, ಅದರಲ್ಲಿ ಎರಡೂ ಸೇರಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕಿದ ಪ್ರಕಾರ 1973ರಿಂದ 2016ರ ನಡುವೆ ಈ ಊರಿನ ಹಸಿರಿನಲ್ಲಿ ನೂರಕ್ಕೆ 88 ಪಾಲು, ನೀರಿನ ಜಾಗದಲ್ಲಿ ನೂರಕ್ಕೆ 79 ಪಾಲು ಹೋಯಿತು. ಕಾಮಾಕ್ಷಿಪಾಳ್ಯದಲ್ಲಿ ಕೆರೆ ಇತ್ತು ಅಂದರೆ ನಿನ್ನ ಓರಗೆಯವರು ನಗುತ್ತಾರೆ, ಅಲ್ಲಿ ಈಗ ಆಟದ ಮೈದಾನ. ಕೆರೆ, ಮರ ಇದ್ದಾಗ ಬಿಸಿಲಿನ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತಿತ್ತು. ಈಗ ಅಷ್ಟೂ ಕಾಂಕ್ರೀಟಿಗೆ. ರಾತ್ರಿ ಹತ್ತಕ್ಕೆ ನಮ್ಮ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡು, ಆಗ ತಾನೇ ಇಳಿಸಿದ ಹಂಚಿನ ಹಾಗಿರುತ್ತೆ. ಸ್ಕೂಟರಿನಲ್ಲಿ ನಾಗರಬಾವಿ ದಾಟಿ ಜ್ಞಾನಭಾರತಿಯ ಮರಗಳ ಒಳಗೆ ಹೋದ ಕೂಡಲೇ ಕೈಮೇಲಿನ ಕೂದಲು ಏಳುತ್ತಲ್ಲ, ಆ ವ್ಯತ್ಯಾಸ ಅಮೆರಿಕದ್ದಲ್ಲ, ನಮ್ಮದು.

ಇದನ್ನು ಬೇರೆ ಮಾಡಿ ನೋಡು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ, ಔಷಧ ಬೇರೆಬೇರೆ. ಊರಿನ ಪಾಲಿನ ಸೆಕೆಗೆ ಮರ, ಕೆರೆ, ಮಣ್ಣಿನ ಅಂಗಳ ನಿಜವಾದ ಔಷಧ. ಲೋಕದ ಪಾಲಿಗೆ ಅದು ಸಾಲದು. ಬೆಳೆದ ಒಂದು ಮರ ವರ್ಷಕ್ಕೆ ಹೀರಿಕೊಳ್ಳುವುದು ಸುಮಾರು ಇಪ್ಪತ್ತು ಕೆ.ಜಿ. ಇಂಗಾಲದ ಡೈಆಕ್ಸೈಡ್ ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ. ಒಂದೂವರೆ ಟನ್ನಿನ ಎ.ಸಿ. ರಾತ್ರಿಯೆಲ್ಲ ಓಡಿದರೆ ಹತ್ತು ಯೂನಿಟ್, ಅಂದರೆ ಏಳು ಕೆ.ಜಿ. ಮರದ ಒಂದು ವರ್ಷದ ದುಡಿಮೆ ನಮ್ಮ ಮೂರು ರಾತ್ರಿಯ ನಿದ್ದೆಗೆ! ಗಿಡ ನೆಡು, ಖಂಡಿತ ನೆಡು, ನೆರಳಿಗೆ ನೆಡು, ಹಕ್ಕಿಗೆ ನೆಡು. ಹಳೆ ಬಾಕಿ ತೀರಿತು ಅಂದುಕೊಳ್ಳಬೇಡ.

ಎ.ಸಿ.ಯಲ್ಲಿ ಕರೆಂಟಷ್ಟೇ ಅಲ್ಲ, ಗ್ಯಾಸ್ ಕೂಡ ಇದೆ. ಓಝೋನಿಗೆ ತೊಂದರೆ ಕೊಡದ ಹೊಸ ಗ್ಯಾಸು ಅಂತ ತಂದದ್ದರಲ್ಲೂ ಶಾಖ ಹಿಡಿಯುವ ಬಲ ಜೋರು. ಕೆಲವಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟು. ‘ಗ್ಯಾಸ್ ತುಂಬಿಸಬೇಕು ಸಾರ್’ ಅಂತ ಬರುವ ಹುಡುಗ ಹಳೆಯದನ್ನು ತಾರಸಿಯ ಮೇಲೆ ಸುಯ್ ಅಂತ ಗಾಳಿಗೆ ಬಿಟ್ಟುಬಿಡುತ್ತಾನೆ. ಅವನ ತಪ್ಪಲ್ಲ, ಹಿಡಿದಿಡುವ ಯಂತ್ರ ಅವನ ಹತ್ತಿರ ಇಲ್ಲ, ಕೇಳುವ ಗಿರಾಕಿಯೂ ಇಲ್ಲ. ಕೇಳುವವಳು ನೀನಾಗು.

ನಾಯಂಡಹಳ್ಳಿ ದಾಟುವಾಗ ಮೆಟ್ರೋ ಕಿಟಕಿಯಿಂದ ಕೆಳಗೆ ವೃಷಭಾವತಿ ಕಾಣುತ್ತಾಳೆ. ಬಸವನಗುಡಿಯಲ್ಲಿ ಹುಟ್ಟಿ, ಗಾಳಿ ಆಂಜನೇಯನ ಪಕ್ಕದಲ್ಲೇ ಹಾದು, ಕೆಂಗೇರಿ, ಬಿಡದಿ ಕಡೆಯಿಂದ ಬೈರಮಂಗಲಕ್ಕೆ ಹೋಗುವ ನದಿ. ಅವಳ ನಾತಕ್ಕೆ ಎಲ್ಲರೂ ಮೂಗು ಮುಚ್ಚುತ್ತಾರೆ. ಮೂಗಿಗೆ ತಿಳಿಯದ್ದು ಇನ್ನೊಂದಿದೆ. ಗಾಳಿ ಆಡದ ಕೆಸರಿನಲ್ಲಿ ಕೊಳೆ ಕೊಳೆತಾಗ ಮೀಥೇನ್ ಹುಟ್ಟುತ್ತೆ, ಅದಕ್ಕೆ ವಾಸನೆ ಇಲ್ಲ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟಿನಷ್ಟು ಪ್ರಬಲ, ಆದರೆ ಹನ್ನೆರಡು ವರ್ಷದ ಆಸುಪಾಸಿನಲ್ಲಿ ಕರಗಿಹೋಗುತ್ತೆ. ಭತ್ತದ ಗದ್ದೆ, ದನದ ಮೆಲುಕು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎಸೆದ ಹಸಿ ಕಸ, ಎಲ್ಲ ಕಡೆ ಇದೇ ಅನಿಲ. ಇದೊಂದರಲ್ಲಿ ಮಾತ್ರ ಮೀಟರ್ ಸ್ವಲ್ಪ ಹಿಂದಕ್ಕೆ ತಿರುಗುವ ಅವಕಾಶ ಇದೆ. ಕಸದ ಗಾಡಿಗೆ ಹಸಿ, ಒಣ ಬೇರೆ ಮಾಡಿ ಕೊಡು ಅಂತ ನಿಮ್ಮಜ್ಜಿ ಗಲಾಟೆ ಮಾಡಿದಾಗ ಇದನ್ನು ನೆನಪಿಸಿಕೋ.

ಸಿಮೆಂಟಿನ ಮಾತು ಬೇಗ ಮುಗಿಸುತ್ತೇನೆ. ಸುಣ್ಣದ ಕಲ್ಲು ಸುಟ್ಟರೆ ಕಲ್ಲಿನೊಳಗೇ ಇರುವ ಅನಿಲ ಹೊರಗೆ ಬರುತ್ತೆ, ಸುಡುವ ಇಂಧನದ ಹೊಗೆ ಬೇರೆ. ಐವತ್ತು ಕೆ.ಜಿ.ಯ ಒಂದು ಮೂಟೆಗೆ ಸುಮಾರು ಮೂವತ್ತು ಕೆ.ಜಿ. ನಮ್ಮ ರಸ್ತೆಯಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದ ಮನೆಗಳನ್ನು ಬೀಳಿಸಿ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಅಂತಸ್ತು ಕಟ್ಟುತ್ತಿರುವುದನ್ನು ನೋಡಿದಾಗಲೆಲ್ಲ ನನಗೆ ಮೂಟೆ ಎಣಿಸುವ ಚಟ.

ನೀರಿನಲ್ಲೂ ಕರೆಂಟಿದೆ. ಮೊದಲು ನಮ್ಮ ಕಡೆಗೆ ತಿಪ್ಪಗೊಂಡನಹಳ್ಳಿಯ ನೀರು ಬರುತ್ತಿತ್ತು. ಈಗಿನ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರ ಹತ್ತಿ ಬರುತ್ತಾಳೆ. ಭೌತಶಾಸ್ತ್ರ ನಿನಗೇ ಗೊತ್ತು, ಸಾವಿರ ಲೀಟರನ್ನು ಅಷ್ಟು ಎತ್ತಲು ಏನೂ ಸೋರದಿದ್ದರೂ ಒಂದೂಕಾಲು ಯೂನಿಟ್ ದಾಟುತ್ತೆ. ಟ್ಯಾಂಕ್ ತುಂಬಿ ಹೊರಗೆ ಸುರಿಯುವಾಗ ನಾನು ಯಾಕೆ ಕೂಗಾಡುತ್ತೇನೆ ಅಂತ ಈಗ ಗೊತ್ತಾಯಿತಲ್ಲ. ಮಳೆಯ ಲೆಕ್ಕವೂ ಕೆಡುತ್ತಿದೆ. ಕಾದ ಗಾಳಿ ಡಿಗ್ರಿಗೆ ನೂರಕ್ಕೆ ಏಳರಷ್ಟು ಹೆಚ್ಚು ತೇವ ಹಿಡಿಯುತ್ತೆ, ಸುರಿದರೆ ಒಂದೇ ಸಲಕ್ಕೆ ಸುರಿಯುತ್ತೆ, ಇಲ್ಲದಿದ್ದರೆ 2024ರ ಬೇಸಿಗೆಯ ಹಾಗೆ ಟ್ಯಾಂಕರಿಗೆ ಕಾಯಬೇಕು.

ಏನು ಮಾಡಬೇಕು ಅಂತ ಕೇಳುತ್ತೀಯ. ಫ್ಯಾನ್ ಸಾಕಾದಾಗ ಎ.ಸಿ. ಬೇಡ ಅನ್ನುವಂಥದ್ದು ನಿನಗೆ ಗೊತ್ತು. ಬೇಸಿಗೆಯಲ್ಲಿ ಅಜ್ಜಿಗೆ ಉಸಿರು ಕಟ್ಟಿದಂತಾದಾಗ ಎ.ಸಿ. ಹಾಕಿಸಿದವನು ನಾನೇ, ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ನಿನಗೆ ಹೇಳಬೇಕಾದದ್ದು ಬೇರೆ. ನಮ್ಮ ಕಾಲದ ಸಮಸ್ಯೆ ಕರೆಂಟ್ ಹೇಗೆ ಹುಟ್ಟಿಸುವುದು ಅಂತ ಇತ್ತು. ನಿನ್ನ ಕಾಲದ್ದು ಹೇಗೆ ಕೂಡಿಡುವುದು ಅಂತ. ಪಾವಗಡ ಮಧ್ಯಾಹ್ನ ಕೊಡುತ್ತೆ, ನಾವು ಕೇಳುವುದು ಸಂಜೆ ಏಳಕ್ಕೆ. ಶರಾವತಿಯಲ್ಲಿ ಹಗಲು ನೀರನ್ನು ಮೇಲಕ್ಕೆತ್ತಿ ಸಂಜೆ ಬಿಡುವ 2000 ಮೆಗಾವ್ಯಾಟ್ ಯೋಜನೆ ಇದೆ, ಅದಕ್ಕೆ ಕಣಿವೆಯ ಕಾಡು ಹೋಗುತ್ತೆ, ಸಿಂಗಳೀಕಗಳ ಮನೆ ಹೋಗುತ್ತೆ ಅಂತ ವಿರೋಧವೂ ಇದೆ. ಎರಡೂ ಕಡೆಯವರು ಭೂಮಿಯ ಹೆಸರಿನಲ್ಲೇ ಮಾತಾಡುತ್ತಾರೆ. ನನ್ನ ಮನಸ್ಸು ಕಾಡಿನ ಕಡೆಗೆ, ಆದರೆ ಸಂಜೆಯ ಲೋಡು ಎಷ್ಟು ಅಂತ ಗೊತ್ತಿರುವವನಿಗೆ ಹಾಗೆ ಹೇಳಿ ಸುಮ್ಮನಿರಲು ಆಗುವುದಿಲ್ಲ. ಬ್ಯಾಟರಿಯೋ, ಬೇರೆ ಯಾವುದೋ, ದಾರಿ ಹುಡುಕುವವರು ಬೇಕು. ಕ್ಲಾಸಿನವರೆಲ್ಲ ಸಾಫ್ಟ್‌ವೇರ್ ಕಡೆಗೆ ಓಡುವಾಗ ಎಲೆಕ್ಟ್ರಿಕಲ್ ತೆಗೆದುಕೊಂಡೆಯಲ್ಲ, ಬಿಡಬೇಡ.

ಇನ್ನೊಂದು. 2023ರಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಒಳಗಿನ ಎಷ್ಟೋ ಮನೆಗಳಿಗೆ ಸೊನ್ನೆ ಬಿಲ್ಲು. ಬಡವರ ಮನೆಗೆ ಬೆಳಕು ಬಂದರೆ ನನಗೆ ಸಂತೋಷವೇ. ಆದರೆ ಬಿಲ್ಲು ಸೊನ್ನೆ ಅಂದರೆ ಮೀಟರ್ ಸೊನ್ನೆ ಅಲ್ಲ. ದುಡ್ಡು ಕೇಳದ ಲೆಕ್ಕವನ್ನು ಜನ ನೋಡುವುದನ್ನೇ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲೂ ಅಷ್ಟೇ.

ಶನಿವಾರ ವೇದಿಕೆ ಹತ್ತುವ ಮೊದಲು ಒಂದು ಕೆಲಸ ಮಾಡು. ನಿನ್ನೆ ಸಂಜೆ ಆರಕ್ಕೆ ಮೆಟ್ಟಿಲ ಕೆಳಗಿನ ನಮ್ಮ ಮೀಟರ್ 18,462 ತೋರಿಸುತ್ತಿತ್ತು, ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಿದ್ದೇನೆ. ಇವತ್ತು ಆರಕ್ಕೆ ಹೋಗಿ ನೋಡಿ ಅದರ ಕೆಳಗೆ ನಿನ್ನ ಕೈಯಲ್ಲಿ ಬರಿ.